ಗೋವಿಂದಯ್ಯನವರ ಗಾಡಿಗೆ ಉಸಿರು ಬಂದದ್ದು

ಗೋವಿಂದಯ್ಯನವರು ತಮ್ಮ ಅರವತ್ತಾರು ವರ್ಷಗಳ ಬದುಕಿನಲ್ಲಿ ಸಾಧಿಸಿದ್ದು ಒಂದೇ ಒಂದು. ಆದರೆ ಆ ಒಂದನ್ನು ಎಷ್ಟು ಕಷ್ಟಪಟ್ಟು ಸಾಧಿಸಿದ್ದರೆಂದರೆ, ಎರಡನೆಯದಕ್ಕೆ ಕೈಹಾಕುವ ಅಗತ್ಯವೇ ಅವರಿಗೆ ತೋರಲಿಲ್ಲ. ಮೂವತ್ತಾರು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯ ಒಂದು ಸಂಜೆ, ಮಾನಂದವಾಡಿ ಕಡೆಯಿಂದ ಬರುವ ಕೊನೆಯ ಬಸ್ಸು ಅಂತರಸಂತೆಯನ್ನು ಆಗಷ್ಟೇ ದಾಟಿಹೋಗಿದ್ದಾಗ, ಹೆರಿಗೆಯ ನೋವು ತಿನ್ನುತ್ತಿದ್ದ ಅದೇ ಊರಿನ ಪುಟ್ಟಲಕ್ಷ್ಮಿಯನ್ನು ತಮ್ಮ ಹೊಚ್ಚಹೊಸ ನೂರು ಸಿಸಿಯ ಮೋಟಾರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಕಾಡಂಚಿನ ಕೆಸರುದಾರಿಯಲ್ಲಿ ಆನೆಯನ್ನು ಎದುರಿಸಿ, ಮುಂದೆ ಹೋಗಿದ್ದ ಆ ಬಸ್ಸನ್ನು ಹಿಂದೆ ಹಾಕಿ, ಅದಕ್ಕಿಂತ ಮೊದಲೇ ಹೆಗ್ಗಡದೇವನಕೋಟೆಯ ಆಸ್ಪತ್ರೆಯ ಬಾಗಿಲಲ್ಲಿ ಅವರು ಗಾಡಿ ನಿಲ್ಲಿಸಿದ್ದರು. ಅಂದು ಹುಟ್ಟಿದ ಕೂಸಾದ ಮಾದೇವ ಈಗ ಅದೇ ಕೋಟೆಯ ಬಸ್ ನಿಲ್ದಾಣದ ಎದುರಿಗೆ ಟೀ ಅಂಗಡಿ ಇಟ್ಟುಕೊಂಡು, ತನಗಿಂತ ದೊಡ್ಡ ಹೊಟ್ಟೆಯೊಂದನ್ನೂ ಸಂಪಾದಿಸಿದ್ದ.

ಈ ಕತೆಯನ್ನು ಗೋವಿಂದಯ್ಯನವರು ಮದುವೆಮನೆಗಳಲ್ಲಿ, ತಿಥಿಮನೆಗಳಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳುತ್ತಿದ್ದಾಗ ಬಾಯಲ್ಲಿ ಹತ್ತಿಯನ್ನಿಟ್ಟುಕೊಂಡೂ ಹೇಳಿದ್ದರು. ಮೊದಲ ವರ್ಷ ಕತೆಯಲ್ಲಿ ಇದ್ದದ್ದು ಒಂಟಿಸಲಗ. ಐದನೆಯ ವರ್ಷಕ್ಕೆ ಅದಕ್ಕೊಂದು ಹೆಣ್ಣಾನೆ ಜೊತೆಯಾಯಿತು. ಪ್ರಕೃತಿಯ ನಿಯಮದಂತೆ ಬಳಿಕ ಮರಿಗಳಾದವು. ಈಗ ಎಣಿಸಿದರೆ ಒಟ್ಟು ಏಳು ಆನೆಗಳು ಆ ಕತೆಯನ್ನು ಆಶ್ರಯಿಸಿಕೊಂಡಿದ್ದವು.

ಈ ಸಲದ ದಸರೆಯ ಹೊತ್ತಿನ ಒಂದು ದಿನ ಅಂತರಸಂತೆಯಲ್ಲಿ ಸಂತೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ರಾಸು ಕೊಳ್ಳಲು ಬಂದಿದ್ದ ಪರವೂರಿನವನೊಬ್ಬನಿಗೆ ಗೋವಿಂದಯ್ಯನವರು ಮೂರನೆಯ ಆನೆಯ ತನಕ ಕತೆಯನ್ನು ತಂದಿದ್ದರು. ಆಗ ಪಕ್ಕದ ಮನೆಯ ಸಣ್ಣಬೀರಯ್ಯ ಲೋಟವನ್ನು ಬೆಂಚಿಗೆ ಕುಟ್ಟಿದ.

"ಲೋ ಗೋಯಿಂದ, ನಿನ್ ಕತೆ ಕೇಳಿ ಕೇಳಿ ನನ್ ಕಿವಿ ತುಂಬ ಆನೆ ಲದ್ದಿ ತುಂಬ್ಕಂಡೈತೆ ಕಣ್ಲಾ. ನಿನ್ ಗಾಡಿ ಬಸ್ನ ಹಿಂದಾಕ್ತು ಅಂತೀಯಲ್ಲ, ಆ ಗಾಡಿ ನಮ್ ಎತ್ತಿನ ಗಾಡೀನ ಹಿಂದಾಕಿದ್ದು ಯಾರಾರ ನೋಡಿದ್ದೀರೇನ್ರಪ್ಪ?"

ಬೆಂಚಿನ ಮೇಲಿದ್ದ ಒಬ್ಬನೂ ನೋಡಿರಲಿಲ್ಲ.

"ಅದು ಈಗ್ಲೂ ಹಾಕ್ತದೆ!" ಎಂದುಬಿಟ್ಟರು ಗೋವಿಂದಯ್ಯನವರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ಕರೆಯುವ ಉಪಾಯವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

"ಹಾಕು ಮತ್ತೆ. ಹನ್ನೊಂದ್ ಗಂಟೆ ಬಸ್ಗೆ ನಾನ್ ಕೋಟೆಗೋಯ್ತೀನಿ. ಬಸ್ಸು ಹೊಲ್ಡವಾಗ್ಲೇ ನೀನೂ ಹೊಲ್ಡು. ಮಾದೇವನ್ ಅಂಗಡಿ ಮುಂದೆ ಮೊದ್ಲು ನಿಂತ್ಕಂಡ್ರೆ ಸಾಯೋಗಂಟ ಆ ಕತೆ ಹೇಳ್ಕೋ, ನಾನೇ ಮುಂದೆ ಕೂತ್ಕಂಡು ಹೂಂಗುಟ್ತೀನಿ. ಸೋತೋ, ಇನ್ ಮೇಲೆ ಆ ಕತೆ ನಿನ್ ಬಾಯಲ್ಲಿ ಬರಕೂಡ್ದು. ನಿದ್ದೇಲಿ ಕನವರಿಸ್ಕಂಡ್ರೂ ತಪ್ಪೇಯ."

ಎಲೆ ಅಡಕೆಯನ್ನು ನಡುವೆ ಇಟ್ಟು ಇಬ್ಬರೂ ಮುಟ್ಟಿದರು. ಅಂತರಸಂತೆಯಲ್ಲಿ ಎಲೆ ಅಡಕೆ ಮುಟ್ಟಿ ಆಡಿದ ಮಾತನ್ನು ಮುರಿದವನಿಗೆ ಕ್ಷೌರದವನೂ ಸರಿಯಾಗಿ ಕ್ಷೌರ ಮಾಡುವುದಿಲ್ಲ. ಕತೆಯನ್ನು ಕಳೆದುಕೊಂಡರೆ ತಮ್ಮಲ್ಲಿ ಉಳಿಯುವುದೇನು ಎಂದು ಗೋವಿಂದಯ್ಯನವರು ಒಳಗೇ ಲೆಕ್ಕ ಹಾಕಿ ನೋಡಿದರು. ಸಕ್ಕರೆ ಕಾಯಿಲೆ, ಎರಡು ಎಕರೆ ಹತ್ತಿ, ಹಾಗೂ ಹೆಂಡತಿ ಯಶೋದಮ್ಮನವರು ಉಳಿಯುತ್ತಿದ್ದರು.

ಗಾಡಿಯನ್ನು ತಳ್ಳಿಕೊಂಡು ಅವರು ನೇರವಾಗಿ ಹೋದದ್ದು ಚೇತನ್‌ಕುಮಾರನ ಗ್ಯಾರೇಜಿಗೆ. ಚೇತನ್‌ಕುಮಾರ ಅರ್ಧ ವಿದ್ಯೆಯನ್ನು ಹುಣಸೂರಿನ ಒಂದು ಗ್ಯಾರೇಜಿನಲ್ಲಿಯೂ ಉಳಿದರ್ಧವನ್ನು ಮೊಬೈಲಿನಲ್ಲಿಯೂ ಕಲಿತವನು. ಎರಡು ಅರ್ಧಗಳೂ ಒಂದೇ ಅರ್ಧವಾಗಿದ್ದದ್ದು ಅವನ ದುರದೃಷ್ಟ. ಆತ ಸೀಟಿನ ಬದಿಯ ಮುಚ್ಚಳವನ್ನು ತೆಗೆದು, ಒಳಗಿದ್ದ ಕಪ್ಪು ಡಬ್ಬವನ್ನು ಬೆರಳಿನಿಂದ ತಟ್ಟಿದ.

"ಅಣ್ಣ, ಗಾಡಿದು ತಪ್ಪೇನಿಲ್ಲ. ಉಸ್ರು ಕಟ್ಟೋಗೈತೆ ಅಷ್ಟೆ. ಇಂಜಿನ್ ಗಾಳಿ ಕುಡಿಯದು ಈ ಡಬ್ಬದ ಮೂಲಕ. ಮೂಗಲ್ಲಿ ಬತ್ತಿ ಇಟ್ಕಂಡು ಓಡಿದಂಗೆ. ಇದ್ನ ಕಿತ್ತಾಕಿ ಕೋನ್ ಫಿಲ್ಟರ್ ಹಾಕ್ಬುಡ್ತೀನಿ, ಬಸ್ಸಲ್ಲ, ರೈಲ್ನೂ ಹಿಂದಾಕ್ಬೋದು."

"ನಮ್ ಕಡೆ ರೈಲೇ ಇಲ್ವಲ್ಲೋ."

"ಇದ್ದಿದ್ರೆ ಅಂದೆ."

ಆ ಫಿಲ್ಟರು ನೋಡಲು ಉಮ್ಮತ್ತದ ಹೂವಿನ ಆಕಾರದ್ದು. ಕೆಂಪು ಬಟ್ಟೆಯ ನಿರಿಗೆ, ತುದಿಯಲ್ಲಿ ಹೊಳೆಯುವ ಮುಚ್ಚಳ. ಚೇತನ್‌ಕುಮಾರ ತನ್ನ ಗಾಡಿಗೆಂದು ತರಿಸಿ, ಅಳತೆ ತಪ್ಪಿ, ವರ್ಷದಿಂದ ಗೋಡೆಯ ಮೊಳೆಗೆ ನೇತುಹಾಕಿದ್ದ ಮಾಲು. ಕಾರ್ಬ್ಯುರೇಟರಿನ ಬಾಯಿಗೆ ಅದನ್ನು ತೊಡಿಸಿ ಕ್ಲಿಪ್ಪು ಬಿಗಿಯುವಷ್ಟರಲ್ಲಿ, ಸುದ್ದಿ ತಿಳಿದ ಯಶೋದಮ್ಮನವರು ಸಂತೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಅಲ್ಲಿಗೆ ಬಂದರು.

"ಏನ್ರೀ ಇದು? ಮೂವತ್ತಾರು ವರ್ಸ ಆ ಡಬ್ಬದಲ್ಲೇ ಓಡ್ತಲ್ಲ, ಇವತ್ತು ಅದ್ರ ಮೂಗೇ ಕುಯ್ಸ್ಬುಟ್ರಾ?"

"ಹೆಂಗಸ್ರಿಗೆ ಇಂಜಿನ್ ವಿಸ್ಯ ತಿಳಿಯದಿಲ್ಲ ಕಣೆ."

"ಗಂಡಸ್ರಿಗೆ ತಿಳಿದೈತೆ ಅನ್ನದು ನೋಡ್ತಾನೇ ಇವ್ನಿ," ಎಂದ ಯಶೋದಮ್ಮನವರು, ಈರುಳ್ಳಿಯ ಬೆಲೆ ವಿಚಾರಿಸಲು ಹೊರಟುಹೋದರು.

ಗೋವಿಂದಯ್ಯನವರು ಕಿಕ್ಕರನ್ನು ಒದ್ದರು. ಗಾಡಿ ಹಿಂದೆಂದೂ ಹೊರಡಿಸದಿದ್ದ ದನಿಯೊಂದನ್ನು ಹೊರಡಿಸಿತು. ಜ್ವರ ಬಂದ ಹುಲಿ ಗೊರಕೆ ಹೊಡೆದರೆ ಹೇಗಿರಬಹುದೋ ಹಾಗಿತ್ತು ಅದು. ಸಂತೆಯ ಕೋಳಿಗಳು ಬುಟ್ಟಿಯೊಳಗೇ ರೆಕ್ಕೆ ಬಡಿದವು. ಗೋವಿಂದಯ್ಯನವರ ಬೆನ್ನು, ಬಹಳ ಕಾಲದ ಮೇಲೆ, ನೆಟ್ಟಗಾಯಿತು.

ಹನ್ನೊಂದಕ್ಕೆ ಸರಿಯಾಗಿ ಬಸ್ಸೂ ಗಾಡಿಯೂ ಹೊರಟವು. ಊರಿನ ಕೊನೆಯ ಮನೆಯ ತನಕ ಗಾಡಿಯೇ ಮುಂದು. ಅಲ್ಲಿ ಗೋವಿಂದಯ್ಯನವರು, ಇನ್ನು ತಡವೇಕೆಂದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದರು.

ಗಾಡಿ ಬಿಕ್ಕಿತು. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಬಿಕ್ಕಿತು. ಸರ್ಕಾರಿ ಕಚೇರಿಗೆ ಕೊಟ್ಟ ಅರ್ಜಿಯಂತೆ, ತಳ್ಳಿದಷ್ಟೂ ಅದು ನಿಧಾನವಾಗುತ್ತಿತ್ತು. ಗಾಬರಿಯಾಗಿ ಕೈ ಸಡಿಲಿಸಿದರೆ ಸೈಲೆನ್ಸರಿನಿಂದ "ಢಂ!" ಎಂದು ಕೋವಿ ಹಾರಿಸಿದಂಥ ಸದ್ದು. ಮತ್ತೆ ತಿರುಗಿಸಿದರು, ಬಿಕ್ಕಿತು. ಬಿಟ್ಟರು, ಢಂ! ಬಸ್ಸು ನಿರಾಯಾಸವಾಗಿ ಅವರನ್ನು ದಾಟಿತು. ಕಿಟಕಿಯಿಂದ ಸಣ್ಣಬೀರಯ್ಯ ಎರಡೂ ಕೈ ಹೊರಹಾಕಿ ಆನೆಯ ಸೊಂಡಿಲಿನಂತೆ ಆಡಿಸಿ ತೋರಿಸಿದ.

ಇಷ್ಟಕ್ಕೇ ಮುಗಿಯಲಿಲ್ಲ. ಕಾಡಂಚಿನ ಆ ಸೀಮೆಯಲ್ಲಿ ಢಂ ಎಂಬ ಸದ್ದಿಗೆ ಇರುವುದು ಒಂದೇ ಅರ್ಥ: ಎಲ್ಲೋ ಆನೆ ಹೊಲಕ್ಕಿಳಿದಿದೆ, ಯಾರೋ ಪಟಾಕಿ ಹೊಡೆದು ಅಟ್ಟುತ್ತಿದ್ದಾರೆ. ಗೋವಿಂದಯ್ಯನವರ ಗಾಡಿ ಹನ್ನೆರಡು ಸಲ ಢಂ ಎನ್ನುವಷ್ಟರಲ್ಲಿ, ಮುಂದಿನ ಹಳ್ಳಿಯ ಜನ ತಟ್ಟೆ, ತಮಟೆ, ಡಬ್ಬ, ಕೈಗೆ ಸಿಕ್ಕಿದ್ದನ್ನು ಬಾರಿಸುತ್ತ ರಸ್ತೆಗೆ ಬಂದು ನಿಂತದ್ದು ಆಗ ಅವರಿಗೆ ತಿಳಿಯಲಿಲ್ಲ. ಅವರ ಗಾಡಿ ಒಂದು ಆಲದ ಮರದ ಕೆಳಗೆ ಕೊನೆಯ ಉಸಿರೆಳೆದು ನಿಂತಿತ್ತು. ಅವರು ಫೋನಿನಲ್ಲಿ ಚೇತನ್‌ಕುಮಾರನ ವಂಶಾವಳಿಯನ್ನು ವಿಚಾರಿಸುತ್ತಿದ್ದರು.

"ಬಯ್ಯದು ಆಮೇಲೆ ಬಯ್ಯಿ ಅಣ್ಣ, ಮೊದ್ಲು ಕೇಳು," ಎಂದಿತು ಫೋನು. "ಗಾಳಿ ಜಾಸ್ತಿ ಆಗೋಯ್ತು, ಪೆಟ್ರೋಲ್ ಅಷ್ಟೇ ಐತೆ. ಫಿಲ್ಟರ್ ಬದ್ಲಾಯ್ಸಿದ್ರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಬುಡೋ ಜೆಟ್ಟೂ ದೊಡ್ಡದು ಹಾಕ್ಬೇಕಂತೆ. ಈಗ ಮೊಬೈಲಲ್ಲಿ ಪೂರ್ತಿ ನೋಡ್ದೆ."

"ಈಗ ನೋಡ್ದೇನ್ಲಾ, ಮನೆಹಾಳ!"

"ಬೆಳಿಗ್ಗೆ ನೆಟ್ವರ್ಕ್ ಇರ್ನಿಲ್ಲ ಅಣ್ಣ. ಜೆಟ್ಟು ಮೈಸೂರಿಂದ ಬರ್ಬೇಕು. ಅಲ್ಲಿಗಂಟ ಗಾಳಿ ಕಮ್ಮಿ ಮಾಡು. ಫಿಲ್ಟರ್ನ ಅರ್ಧ ಮುಚ್ಬುಡು."

"ಯಾತರಲ್ಲಿ ಮುಚ್ಲಿ? ನಿನ್ ತಲೇಲಾ?"

"ಯಾಕಣ್ಣ ಈ ಪಾಟಿ ಕಿರಚ್ತೀಯ?" ಎಂದಿತು ಮರದ ಹಿಂದಿನಿಂದ ಬೇರೊಂದು ದನಿ.

ದಂಟಿನ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಕಾಲಬಳಿ ಇಟ್ಟುಕೊಂಡು, ಊಟದ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಪುಟ್ಟಲಕ್ಷ್ಮಿ ಕುಳಿತಿದ್ದಳು. ಮಗ ಮಾದೇವನಿಗೆ ದಿನವೂ ಮಧ್ಯಾಹ್ನದ ಊಟವನ್ನು ಕೋಟೆಗೆ ಒಯ್ಯುವುದು ಅವಳ ಪದ್ಧತಿ. ಅಂಗಡಿಯ ಬನ್ನು ತಿಂದರೆ ಹುಡುಗ ಸೊರಗುತ್ತಾನೆಂಬುದು ಅವಳ ಭಯ. ಸಂತೆಯ ದಿನವಾದ್ದರಿಂದ ಬಸ್ಸು ತುಂಬಿ, ಇವಳು ಕೈ ಅಡ್ಡಹಾಕಿದರೂ ನಿಲ್ಲದೆ ಹೋಗಿತ್ತು.

ಗೋವಿಂದಯ್ಯನವರು ತಮ್ಮ ಸಂಕಟವನ್ನೆಲ್ಲ ಹೇಳಿಕೊಂಡರು. ಪುಟ್ಟಲಕ್ಷ್ಮಿ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಆ ಕೆಂಪು ಹೂವನ್ನು ದಿಟ್ಟಿಸಿದಳು.

"ಗಾಳಿ ಜಾಸ್ತಿ, ಎಣ್ಣೆ ಕಮ್ಮಿ. ಅಂದ್ರೆ ಎಸ್ರು ಜಾಸ್ತಿ, ಇಟ್ಟು ಕಮ್ಮಿ. ಅಂಬ್ಲಿ ಆಯ್ತದೆ, ಮುದ್ದೆ ಆಗದಿಲ್ಲ. ಇಷ್ಟೇ ತಾನೆ?"

ಚೇತನ್‌ಕುಮಾರನ ಒಂದೂವರೆ ವರ್ಷದ ಮೊಬೈಲ್ ವ್ಯಾಸಂಗ ಈ ಒಂದು ಮಾತಿನಲ್ಲಿ ಅಡಗಿತ್ತು. ಅವಳು ಕ್ಯಾರಿಯರಿನ ಮುಚ್ಚಳ ತೆಗೆದಳು. ಒಳಗೆ ಮಗುವಿನ ತಲೆಯಷ್ಟು ದಪ್ಪದ ಎರಡು ರಾಗಿಮುದ್ದೆಗಳಿದ್ದವು. ಒಂದನ್ನು ತೆಗೆದು, ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಫಿಲ್ಟರಿನ ಅರ್ಧ ಮೈಗೆ ಸೆಗಣಿ ಬೆರಣಿ ತಟ್ಟುವಂತೆ ಪಟ್ಟನೆ ತಟ್ಟಿದಳು.

"ಒದಿ ಈಗ."

ಗೋವಿಂದಯ್ಯನವರು ಒದ್ದರು. ಗಾಡಿ ಒಂದು ಸಲ ಗುಟುಕರಿಸಿ, ಯೋಚಿಸಿ, ಹೊಟ್ಟೆ ತುಂಬಿದ ಗಂಡಸಿನಂತೆ ಸಮಾಧಾನದಿಂದ ಓಡತೊಡಗಿತು. ಆಕ್ಸಿಲರೇಟರು ತಿರುಗಿಸಿದರೆ ಬಿಕ್ಕಲಿಲ್ಲ. ಕೈ ಬಿಟ್ಟಾಗ ಮಾತ್ರ, ಹಳೆಯ ಚಟವನ್ನು ಬಿಡಲಾರದೆ, ಸಣ್ಣದೊಂದು ಢಂ.

"ಹತ್ತವ್ವ ತಾಯಿ, ಹತ್ತು!"

ಪುಟ್ಟಲಕ್ಷ್ಮಿ ಸೊಪ್ಪಿನ ಕಟ್ಟನ್ನು ಇಬ್ಬರ ನಡುವೆ ಇರಿಸಿ ಹಿಂದೆ ಹತ್ತಿದಳು. ಎರಡು ತಿರುವು ದಾಟುವಷ್ಟರಲ್ಲಿ ಗೋವಿಂದಯ್ಯನವರ ಕಣ್ಣಿಗೆ ಬಿದ್ದದ್ದು ಸ್ವರ್ಗಸದೃಶವಾದ ನೋಟ: ರಸ್ತೆಯ ನಡುವೆ ಬಸ್ಸು ನಿಂತಿದೆ. ಅದರ ಮುಂದೆ ತಮಟೆ ಹಿಡಿದ ಜನ ಅಡ್ಡಗಟ್ಟಿ, "ಆನೆ ಐತೆ, ಯಾರೂ ಮುಂದ್ಕೋಗಂಗಿಲ್ಲ!" ಎಂದು ಕೂಗುತ್ತಿದ್ದಾರೆ. ಸಣ್ಣಬೀರಯ್ಯ ಬಾಗಿಲಲ್ಲಿ ಜೋತಾಡಿಕೊಂಡು ಆನೆಯನ್ನು ಬಯ್ಯುತ್ತಿದ್ದಾನೆ.

ಗೋವಿಂದಯ್ಯನವರು ವೇಗ ತಗ್ಗಿಸಲು ಕೈ ಸಡಿಲಿಸಿದರು. ಢಂ!

"ಪಟಾಕಿಯೋರು ಬಂದ್ರು ಕಣ್ರಲಾ! ದಾರಿ ಬುಡಿ, ದಾರಿ ಬುಡಿ!" ಎಂದು ಯಾರೋ ಕೂಗಿದರು. ಜನ ಎರಡು ಪಾಲಾಯಿತು. ಒಬ್ಬಾತ, "ಉಸಾರು ಸ್ವಾಮಿ, ಒಂಟಿಸಲಗ ಅಂತೆ!" ಎಂದು ಕೈಮುಗಿದ. ಇಲ್ಲದ ಆನೆಯ ಕಡೆಗೆ ಗಂಭೀರವಾಗಿ ತಲೆಯಾಡಿಸುತ್ತ, ಗೋವಿಂದಯ್ಯನವರು ಬಸ್ಸಿನ ಪಕ್ಕದಲ್ಲಿಯೇ ಹಾದುಹೋದರು. ಅವರ ಬಾಳಿನಲ್ಲಿ ಅಂಥ ಸುಖದ ಗಳಿಗೆಗಳು ಹೆಚ್ಚು ಬಂದಿರಲಿಲ್ಲ.

ಸುಖ ಕೋಟೆಗೆ ಮುಂಚಿನ ಹ್ಯಾಂಡ್‌ಪೋಸ್ಟ್ ಬಸ್ ಸ್ಟಾಪಿನ ರಸ್ತೆ ಹಂಪಿನ ತನಕ ಇತ್ತು. ಅಷ್ಟರಲ್ಲಿ ಇಂಜಿನ್ನಿನ ಕಾವಿಗೆ ಮುದ್ದೆ ಒಣಗಿ ಬಿರಿದಿತ್ತು. ಹಂಪಿನ ಮೇಲೆ ಗಾಡಿ ಎಗರಿದ್ದೇ ತಡ, ಅದು ಕಳಚಿ ರಸ್ತೆಗೆ ಬಿದ್ದಿತು. ಬೀದಿನಾಯಿಯೊಂದು ಅದನ್ನು ಮೂಸಿ, ಪೆಟ್ರೋಲಿನ ವಾಸನೆಗೆ ಸೀನಿ ದೂರ ಸರಿಯಿತು. ಗಾಡಿ ನಿಂತಿತು. ಹಿಂದಿನಿಂದ ಬಸ್ಸಿನ ಹಾರನ್ನು ಕೇಳಿಸತೊಡಗಿತು; ಆನೆ ಇಲ್ಲವೆಂಬುದು ಜನಕ್ಕೆ ತಿಳಿದಿರಬೇಕು.

"ಇನ್ನೊಂದ್ ಮುದ್ದೆ ಹಾಕವ್ವ, ನಿನ್ ಕಾಲಿಗ್ ಬೀಳ್ತೀನಿ!"

"ನನ್ ಮಗ ಏನ್ ಮಣ್ ತಿಂತಾನಾ?"

"ಅವ್ನ ಹೊಟ್ಟೆ ನೋಡಿದ್ದೀಯಾ? ಒಂದ್ ದಿನ ಬುಟ್ರೆ ಏನೂ ಆಗಕಿಲ್ಲ. ನನ್ ಮಾನದ್ ಪ್ರಶ್ನೆ ಪುಟ್ಟಲಕ್ಷ್ಮಿ!"

ಪುಟ್ಟಲಕ್ಷ್ಮಿ ಗೊಣಗುತ್ತ ಇಳಿದು ಎರಡನೆಯ ಮುದ್ದೆಯನ್ನೂ ತಟ್ಟಿದಳು. ಕಿಕ್ಕರಿಗೆ ಗಾಡಿ ಜಗ್ಗಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದಳು. ಹತ್ತು ಮಾರು, ಇಪ್ಪತ್ತು ಮಾರು. ಗೋವಿಂದಯ್ಯನವರು ಗೇರು ಹಾಕಿ ಕ್ಲಚ್ಚು ಬಿಟ್ಟರು. ಗಾಡಿ ಸ್ಟಾರ್ಟ್ ಆಯಿತು! ಬೆನ್ನಿಗೆ ಮೆತ್ತಗೆ ಒರಗಿದ ಭಾರ ತಾಗಿತು. ಫಿಲ್ಟರಿನ ಆರ್ಭಟದಲ್ಲಿ ಲೋಕದ ಬೇರೆ ಯಾವ ದನಿಯೂ ಅವರ ಕಿವಿಗೆ ಬೀಳಲಿಲ್ಲ. ಬೀಳಬೇಕೆಂದು ಅವರು ಬಯಸಲೂ ಇಲ್ಲ.

ಬಸ್ ನಿಲ್ದಾಣದ ಎದುರು, ಮಾದೇವನ ಅಂಗಡಿಯ ಮುಂದೆ, ಗಾಡಿ ಕೊನೆಯದೊಂದು ಢಂ ಎಂದು ನಿಂತಿತು. ಆಟೋದವರು ತಿರುಗಿ ನೋಡಿದರು. ದಸರಾ ರಜೆಗೆ ಅಪ್ಪನ ಅಂಗಡಿಯಲ್ಲಿ ಕುಳಿತು ಕಾಪಿ ಬರೆಯುತ್ತಿದ್ದ ಹತ್ತು ವರ್ಷದ ಸಂಘಮಿತ್ರ ಪೆನ್ಸಿಲು ಕೆಳಗಿಟ್ಟಳು.

"ಮಾದೇವ! ಹನ್ನೊಂದರ ಬಸ್ಸು ಬಂತೇನ್ಲಾ?"

"ಇನ್ನೂ ಇಲ್ಲ ದೊಡ್ಡಪ್ಪ."

"ಗೆದ್ದೆ ಕಣ್ರಪ್ಪೋ, ಗೆದ್ದೆ!" ಗೋವಿಂದಯ್ಯನವರು ಎರಡೂ ಕೈಗಳನ್ನೆತ್ತಿ ಕೂಗಿದರು. "ಇಳಿಯವ್ವ ಪುಟ್ಟಲಕ್ಷ್ಮಿ, ಇಳಿ! ನಿನ್ ಮಗನ್ ಮುಂದೆ ಹೇಳು, ಹೆಂಗೆ ಓಡ್ಸಿದೆ ಅಂತ!"

ಪುಟ್ಟಲಕ್ಷ್ಮಿ ಇಳಿಯಲಿಲ್ಲ. ಅವರು ಹಿಂತಿರುಗಿ ನೋಡಿದರು. ಸೀಟಿನ ಮೇಲೆ ದಂಟಿನ ಸೊಪ್ಪಿನ ಕಟ್ಟು ಅವರ ಬೆನ್ನಿಗೆ ವಾತ್ಸಲ್ಯದಿಂದ ಒರಗಿಕೊಂಡು ಕುಳಿತಿತ್ತು.

ಗೋವಿಂದಯ್ಯನವರ ಮುಖ ಬಿಳಿಚಿತು. ಹಿಂದೆ ಕೂತವಳು ಕಾಣೆಯಾದರೆ ಯಾರ ಮುಖವಾದರೂ ಬಿಳಿಚೀತು. ಆದರೆ ಅವರ ಮುಖದಲ್ಲಿ ಇದ್ದದ್ದು ಆಶ್ಚರ್ಯವಲ್ಲ, ಹಿಂದೊಮ್ಮೆ ಕಂಡದ್ದನ್ನೇ ಮತ್ತೆ ಕಂಡ ಗುರುತು.

"ನಮ್ಮವ್ವ ಎಲ್ಲಿ ದೊಡ್ಡಪ್ಪ?" ಎಂದು ಮಾದೇವ ಕೇಳುವುದಕ್ಕೂ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮೊದಲು ಇಳಿದವನು ಸಣ್ಣಬೀರಯ್ಯ. ಗಾಡಿಯನ್ನು ಕಂಡು ಅವನ ಮುಖ ಬಾಡಿದ ಬಾಳೆಯೆಲೆಯಾಯಿತು. "ಆಯ್ತು ಮಾರಾಯ, ಗೆದ್ದೆ. ಸಾಯೋಗಂಟ ಹೇಳ್ಕೋ," ಎಂದು ಅವನು ಮುಗಿಸುವ ಮೊದಲೇ, ಹಿಂದಿನಿಂದ ಖಾಲಿ ಕ್ಯಾರಿಯರನ್ನು ಝಳಪಿಸುತ್ತ ಪುಟ್ಟಲಕ್ಷ್ಮಿ ಇಳಿದಳು.

"ಇವತ್ತೂ ನನ್ನ ನಡುರಸ್ತೇಲಿ ಬುಟ್ಬುಟ್ ಬಂದ್ಬುಟ್ಯಲ್ಲೋ ಗೋಯಿಂದಣ್ಣ!"

ಸಣ್ಣಬೀರಯ್ಯನ ಕಿವಿಗಳು, ಲದ್ದಿಯನ್ನೆಲ್ಲ ಕೊಡವಿಕೊಂಡು, ನೆಟ್ಟಗಾದವು.

"ಇವತ್ತೂ ಅಂದ್ಯಲ್ಲ ಪುಟ್ಟಲಕ್ಷ್ಮಿ. ಇನ್ಯಾವತ್ತು ಬುಟ್ಟಿದ್ದ?"

ಪುಟ್ಟಲಕ್ಷ್ಮಿ ನಾಲಗೆ ಕಚ್ಚಿಕೊಂಡಳು. ಗೋವಿಂದಯ್ಯನವರು ಯಾರಿಗೂ ಕಾಣದಂತೆ, ಎಂದರೆ ಎಲ್ಲರಿಗೂ ಕಾಣುವಂತೆ, ಕಣ್ಣಿನಲ್ಲೇ ಕೈಮುಗಿದರು. ಅವಳು ಖಾಲಿ ಕ್ಯಾರಿಯರನ್ನು ನೋಡಿದಳು. ಮಗನ ಮುಖವನ್ನು ನೋಡಿದಳು. ಫಿಲ್ಟರಿನ ಮೇಲೆ ಬೇಯುತ್ತಿದ್ದ ಮುದ್ದೆಯನ್ನು ನೋಡಿದಳು.

"ಮೂವತ್ತಾರು ವರ್ಸ ಮಾತ್ ಉಳಿಸ್ಕಂಡೆ ಕಣಣ್ಣ. ಆದ್ರೆ ನಾನ್ ಮಾತು ಕೊಟ್ಟಿದ್ದು ಒಂದ್ ಸತಿ ಬುಟ್ಟೋಗಿದ್ದುಕ್ಕೆ. ಎಲ್ಡನೇ ಸತಿಗೆ ಕೊಟ್ಟಿರ್ನಿಲ್ಲ."

ಬೆಂಚಿನ ಮೇಲೆ ಕುಳಿತು ಅವಳು ಹೇಳಿದಳು. ಗೋವಿಂದಣ್ಣ ಬಸ್ಸನ್ನು ಹಿಂದೆ ಹಾಕಿದ್ದು ದಿಟ. ಹಾಕಿದ ಮೇಲೆ ಹಳ್ಳದ ಹತ್ತಿರ ಮಳೆನೀರು ಹೊಕ್ಕು ಗಾಡಿ ನಿಂತದ್ದೂ ದಿಟ. "ಆನೆ ಬಂತು ಅಂತ ಈ ಯಪ್ಪ ಮರ ಹತ್ತಿ ಕೂತ್ಕಂಡ. ನೋಡುದ್ರೆ ಯಾರದೋ ಎಮ್ಮೆ. ಇವನ್ನ ಇಳಿಸಿ, ನೋವು ತಿನ್ಕಂಡೇ ನಾನು ಗಾಡಿ ತಳ್ದೆ. ಸ್ಟಾರ್ಟಾಯ್ತು ನೋಡು, ತಿರುಗಿ ನೋಡ್ದಂಗೆ ಹೊಂಟೋಯ್ತು! ನಡುವೆ ಇದ್ದ ಕಂಬ್ಳಿ ಗಂಟು ಬೆನ್ನಿಗೆ ಒರಗಿತ್ತಲ್ಲ, ನಾನೇ ಕೂತಿವ್ನಿ ಅನ್ಕಂಡವ್ನೆ. ಆಮೇಲೆ ಅದೇ ಬಸ್ಸು ಬಂತು. ಮಲಯಾಳದ ಡ್ರೈವರ್ರು, ‘ಕೇರಿಕ್ಕೋ ಚೇಚಿ’, ಹತ್ಕೋ ಅಕ್ಕ ಅಂದ. ಬಸ್ ತುಂಬ ಆ ಕಡೆಯೋರೇ, ನಮ್ಮೂರೋರು ಒಬ್ರೂ ಇರ್ನಿಲ್ಲ. ಒಬ್ಬಜ್ಜಿ ತೊಡೆ ಮ್ಯಾಲೆ ಮಲಗಿಸ್ಕಂಡ್ತು. ನಾನ್ ಆಸ್ಪತ್ರೆಗೋದಾಗ ಈ ಯಪ್ಪ ಬಾಗಿಲಲ್ಲಿ ಗೊಳೋ ಅಂತ ಅಳ್ತಾ ನಿಂತಿದ್ದ."

"ಯಾಕೆ?" ಎಂದ ಸಣ್ಣಬೀರಯ್ಯ.

"ಬಸುರೀನ ತಂದಿವ್ನಿ, ಮೆತ್ತಗೆ ಇಳಿಸ್ಕಳಿ ಅಂದನಂತೆ. ಇಬ್ರು ನರ್ಸಮ್ಮನೋರು ಸ್ಟ್ರೆಚರ್ ತಂದು, ಕತ್ಲೆಲಿ ಕಂಬ್ಳಿ ಗಂಟ ಮೆತ್ತಗೆ ಇಳಿಸ್ಕಂಡು ಮಲಗಿಸ್ಕಂಡು ಹೋಗವ್ರೆ. ಒಳಗ್ ಹೋಗಿ ನೋಡುದ್ರೆ ಹೆಣ್ಣೂ ಇಲ್ಲ, ಕೂಸೂ ಇಲ್ಲ!"

ಮಾದೇವನ ಹೊಟ್ಟೆ ಮೊದಲು ನಕ್ಕಿತು, ಬಳಿಕ ಮಾದೇವ. ಆಟೋದವರು ಸೀಟಿನಿಂದ ಜಾರಿದರು. ಬಸ್ಸಿನ ಕಂಡಕ್ಟರನು ಸೀಟಿ ಊದಲು ಹೋಗಿ ನಗೆಯಿಂದ ಅದನ್ನು ನುಂಗುವವನಿದ್ದ. ಸಣ್ಣಬೀರಯ್ಯನು ಕಂಬವನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು, ಕೊನೆಗೆ ಉದಾರ ಹೃದಯದವನಂತೆ ಗೋವಿಂದಯ್ಯನವರ ಕೈಹಿಡಿದು ಬೆಂಚಿನ ಬಳಿಗೆ ಕರೆತಂದ.

"ಎಲೆ ಅಡಕೆ ಮುಟ್ಟಿದ ಮಾತು ಮಾತೇ ಕಣ್ಲಾ. ಪಂದ್ಯ ನಿಂದು, ಕತೆ ನಿಂದು. ಸುಮ್ನಿರ್ರಪ್ಪ ಎಲ್ರೂ! ಹೇಳು ಗೋಯಿಂದ, ನಾನು ಹೂಂಗುಟ್ತೀನಿ."

ಗೋವಿಂದಯ್ಯನವರು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಗಂಟಲು ಸರಿಪಡಿಸಿಕೊಂಡರು. "ಆಷಾಢದ ಜಡಿಮಳೆ..." ಎಂದು ಆರಂಭಿಸಿದರು.

"ಹೂಂ," ಎಂದ ಸಣ್ಣಬೀರಯ್ಯ.

ಸಂಘಮಿತ್ರ ಅವರ ಮುಂದಿನಿಂದಲೇ ಓಡಿಬಂದು, ಪುಟ್ಟಲಕ್ಷ್ಮಿಯ ಸೆರಗು ಹಿಡಿದು ಜಗ್ಗಿದಳು.

"ಅಜ್ಜೀ, ಆ ನರ್ಸುಗಳು ಗಂಟನ್ನ ಸ್ಟ್ರೆಚರ್ ಮೇಲೆ ಮಲಗಿಸಿದ್ದು ಇನ್ನೊಂದ್ಸಲ ಹೇಳಜ್ಜಿ!"